ಪ್ರವಾಸದ ಮುಂಗಡ, ಜ್ವರದ ಲೆಕ್ಕ

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ದಸರಾ ಎಂದರೆ ದುರ್ಗಾಪೂಜೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು 1970ರ ದಶಕದಲ್ಲಿ ಇಲ್ಲಿ ನೆಲೆ ಕಂಡ ಕುಟುಂಬಗಳಿಗೆ ಅದು ವರ್ಷದ ದೊಡ್ಡ ಹಬ್ಬ. ದೂರದೂರಿಗೆ ದುಡಿಯಲು ಹೋದವರೂ ಆಗ ಮನೆಗೆ ಬರುತ್ತಾರೆ. ದಶಮಿಗೆ ದೇವಿಯನ್ನು ನೀರಿಗೆ ಬಿಟ್ಟಾದ ಮೇಲೂ ಶಾಲೆಗೆ ರಜೆ ಉಳಿದಿರುತ್ತದೆ, ಕಾಲುವೆ ನೀರಿನ ಭತ್ತ ಕೊಯ್ಲಿಗೆ ಬಂದಿರುವುದಿಲ್ಲ. ಮಕ್ಕಳು ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕಿಗೆ ಹೋಗೋಣ ಎಂದು ಹಟ ಹಿಡಿಯುವುದು ಆಗಲೇ. ಅಣ್ಣತಮ್ಮಂದಿರ ಎರಡು ಸಂಸಾರ, ಜತೆಗೊಬ್ಬರು ಅಜ್ಜಿ, ಹನ್ನೆರಡು ಸೀಟಿನ ಟಿಟಿ ಗಾಡಿ. ಗಾಡಿಗೆ ಮುಂಗಡ ಕೊಟ್ಟಾಯಿತು, ಲಾಡ್ಜ್ ಗೊತ್ತುಮಾಡಿಯಾಯಿತು, ಟಿಕೆಟ್ಟೂ ಮೊಬೈಲಿಗೆ ಬಂತು. ಹೊರಡುವ ಹಿಂದಿನ ರಾತ್ರಿ ಒಬ್ಬರಿಗೆ ಮೈ ಬಿಸಿಯಾದರೆ ಏನು ಮಾಡುವುದು ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ಕೋವಿಡ್ ಕಾಲದಲ್ಲಿ ಈ ಪ್ರಶ್ನೆಯನ್ನು ಎಲ್ಲರೂ ಕೇಳಿಕೊಂಡೆವು, ಆಮೇಲೆ ಎಲ್ಲರೂ ಮರೆತೆವು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದು ಹೇಳಿತು, ವೈರಾಣು ಹೋಯಿತೆಂದು ಹೇಳಲಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಶಿಶುಗಳಲ್ಲಿ ಎಚ್‌ಎಂಪಿವಿ ಎಂಬ ವೈರಾಣು ಕಂಡುಬಂದಾಗ ಮತ್ತೆ ಒಂದು ವಾರ ಮಾಸ್ಕ್ ಹೊರಬಂದವು. ಮುಂದಿನ ಸೋಂಕಿಗೆ ಯಾವ ಹೆಸರಿರುತ್ತದೋ, ಕುಟುಂಬ ಪ್ರವಾಸದ ಮಟ್ಟಿಗೆ ಹಾಕಬೇಕಾದ ಲೆಕ್ಕ ಹೆಚ್ಚುಕಡಿಮೆ ಒಂದೇ.

ಸೋಂಕು ತಗುಲಿದ ದಿನವೇ ಜ್ವರ ಬರುವುದಿಲ್ಲ. ಕೋವಿಡ್‌ನ ಮೊದಲ ಅಲೆಯಲ್ಲಿ ಈ ನಡುವಿನ ಅವಧಿ ಸರಾಸರಿ ಐದು ದಿನ ಇತ್ತು, ಕೆಲವರಲ್ಲಿ ಹದಿನಾಲ್ಕರವರೆಗೂ ಹೋಗುತ್ತಿತ್ತು. ಒಮಿಕ್ರಾನ್ ಬಂದ ಮೇಲೆ ಸುಮಾರು ಮೂರು ದಿನಕ್ಕೆ ಇಳಿಯಿತು. ಇನ್ನೂ ತೊಡಕಿನ ಸಂಗತಿಯೆಂದರೆ, ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಆ ವ್ಯಕ್ತಿಯಿಂದ ಬೇರೆಯವರಿಗೆ ಹರಡಲು ಶುರುವಾಗುತ್ತದೆ. ಇದನ್ನು ಪೂಜೆಯ ದಿನಗಳ ಮೇಲೆ ಇಟ್ಟು ನೋಡಿ. ಅಷ್ಟಮಿಯ ಗದ್ದಲದಲ್ಲಿ ಮಗುವಿಗೆ ಸೋಂಕು ತಗುಲಿತು ಎಂದುಕೊಳ್ಳಿ. ದಶಮಿಯ ದಿನ ಅದು ಕುಣಿಯುತ್ತಲೇ ಇರುತ್ತದೆ. ಮರುದಿನ ರಾತ್ರಿ ಗಾಡಿ ಹತ್ತುವಾಗ ಹಣೆ ಮುಟ್ಟಿದರೆ ತಣ್ಣಗಿರುತ್ತದೆ. ಗಾಡಿಯೊಳಗೆ ಎಂಟೊಂಬತ್ತು ಗಂಟೆ ಅದರ ಉಸಿರನ್ನೇ ಎಲ್ಲರೂ ಉಸಿರಾಡುತ್ತಾರೆ. ಜ್ವರ ಕಾಣುವುದು ಬಿಡದಿಯಲ್ಲೋ ಲಾಡ್ಜಿನಲ್ಲೋ. ಆಗ ಪಾರ್ಕಿನ ನೀರಿನ ಮೇಲೆ ತಪ್ಪು ಹೊರಿಸುತ್ತೇವೆ, ಪಾಪ.

ಹಾಗಾಗಿ ಮೊದಲ ಸಲಹೆ ಔಷಧಿಯದಲ್ಲ, ತಾರೀಖಿನದು. ಸೋಂಕು ಹಬ್ಬಿರುವ ಕಾಲದಲ್ಲಿ ದೊಡ್ಡ ಜನಜಂಗುಳಿಗೂ ಪ್ರವಾಸಕ್ಕೂ ನಡುವೆ ಐದಾರು ದಿನ ಬಿಡಿ. ಜಾತ್ರೆಯಾಗಲಿ ಮದುವೆಯಾಗಲಿ ಪೂಜೆಯಾಗಲಿ, ಮುಗಿದ ಮಾರನೆಯ ದಿನವೇ ಹೊರಡಬೇಡಿ. ದಸರಾ ರಜೆ ಸಾಮಾನ್ಯವಾಗಿ ಅಷ್ಟು ಉದ್ದ ಇರುತ್ತದೆ. ಕಾಯುವ ಆ ದಿನಗಳಲ್ಲೇ ಜ್ವರ ಬಂದರೆ ನಿಮ್ಮ ಮನೆಯಲ್ಲಿ, ನಿಮ್ಮ ಹಾಸಿಗೆಯಲ್ಲಿ, ಗೊತ್ತಿರುವ ಡಾಕ್ಟರ ಕೈಯಳತೆಯಲ್ಲಿ ಬರುತ್ತದೆ. ಮನೆಯಲ್ಲೇ ಮಾಡಿಕೊಳ್ಳುವ ಆಂಟಿಜೆನ್ ಪರೀಕ್ಷೆಯ ಕಿಟ್‌ಗೆ ಐಸಿಎಂಆರ್ 2021ರ ಮೇನಲ್ಲಿ ಒಪ್ಪಿಗೆ ಕೊಟ್ಟಿತು. ಅದು ಉಪಯೋಗದ್ದೇ, ಆದರೆ ಸೋಂಕಿನ ಮೊದಲ ದಿನಗಳಲ್ಲಿ ಇದ್ದುದನ್ನು ಇಲ್ಲ ಎಂದು ತೋರಿಸುವುದುಂಟು. ಒಂದೇ ಗೆರೆ ಬಂತೆಂದು ಕೆಮ್ಮುವ ಮಗುವನ್ನು ಗಾಡಿ ಹತ್ತಿಸಬಾರದು.

ಇದೆಲ್ಲ ಗೊತ್ತಿದ್ದೂ ಜನ ಯಾಕೆ ಹೊರಡುತ್ತಾರೆ? ದುಡ್ಡು ಕೊಟ್ಟಾಗಿದೆಯಲ್ಲ, ಅದಕ್ಕೆ. ಮುಂಗಡ ಹೋಗುತ್ತದೆ, ಟಿಕೆಟ್ ಹಾಳಾಗುತ್ತದೆ, ತಮ್ಮನ ಮಕ್ಕಳು ಅಳುತ್ತಾರೆ, ತಮ್ಮನ ಹೆಂಡತಿ ಏನಂದುಕೊಳ್ಳುತ್ತಾಳೋ. ಜ್ವರ ಎಷ್ಟಿದೆ ಎಂದು ನೋಡುವ ಬದಲು ನಷ್ಟ ಎಷ್ಟಾಗುತ್ತದೆ ಎಂದು ನೋಡುತ್ತೇವೆ. ‘ಸ್ವಲ್ಪ ಮೈ ಬಿಸಿ ಅಷ್ಟೇ, ಗುಳಿಗೆ ಹಾಕಿದರೆ ಇಳಿಯುತ್ತದೆ’ ಎಂಬ ಮಾತು ಹುಟ್ಟುವುದು ಅಲ್ಲಿ. ಗುಳಿಗೆ ಜ್ವರವನ್ನು ಇಳಿಸುತ್ತದೆ, ಹರಡುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದ ರದ್ದು ಮಾಡುವುದು ಅಗ್ಗವಾಗುವಂತೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು. ಗಾಡಿಯವರ ಹತ್ತಿರ ‘ಮುಂಗಡ ವಾಪಸ್ ಕೊಡ್ತೀರಾ’ ಎಂದು ಕೇಳಿದರೆ ಯಾರೂ ಒಪ್ಪುವುದಿಲ್ಲ, ‘ತಾರೀಖು ಮುಂದಕ್ಕೆ ಹಾಕಿಕೊಳ್ತೀರಾ’ ಎಂದರೆ ಬಹಳ ಜನ ಒಪ್ಪುತ್ತಾರೆ. ಲಾಡ್ಜ್‌ಗೆ ಹೋದ ಮೇಲೆ ದುಡ್ಡು ಕೊಡುವಂತಿರಲಿ. ಪಾರ್ಕಿನ ಟಿಕೆಟ್ಟಿನ ರದ್ದತಿ ನಿಯಮವನ್ನು ದುಡ್ಡು ಕಟ್ಟುವ ಮುಂಚೆ ಓದಿ. ಮುಂಗಡ ಟಿಕೆಟ್‌ಗೆ ಸಿಗುವ ಸಣ್ಣ ರಿಯಾಯಿತಿಗಿಂತ ಹೋಗದೇ ಇರುವ ಸ್ವಾತಂತ್ರ್ಯಕ್ಕೆ ಬೆಲೆ ಹೆಚ್ಚು ಎನ್ನುವುದು ನನ್ನ ಲೆಕ್ಕ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ತನ್ನಿಂದ ಎಲ್ಲರ ಪ್ರವಾಸ ತಪ್ಪುತ್ತದೆ ಎಂದು ಗೊತ್ತಾದರೆ ಎಂಟು ವರ್ಷದ ಹುಡುಗಿ ಗಂಟಲು ನೋವನ್ನು ಮುಚ್ಚಿಡುತ್ತಾಳೆ. ಕಷ್ಟಪಟ್ಟು ಎಂಜಲು ನುಂಗುತ್ತಾ ಏನಿಲ್ಲ ಎನ್ನುತ್ತಾಳೆ. ವಾರ ಮುಂಚೆಯೇ ಎಲ್ಲರನ್ನೂ ಕೂರಿಸಿ ಹೇಳಿಬಿಡಬೇಕು: ಥರ್ಮಾಮೀಟರ್ 100.4 ಡಿಗ್ರಿ ಮುಟ್ಟಿದರೆ, ಅದು ಯಾರದೇ ಆಗಿರಲಿ, ದೊಡ್ಡಪ್ಪನದೇ ಆಗಿರಲಿ, ಪ್ರವಾಸ ಮುಂದಕ್ಕೆ ಹೋಗುತ್ತದೆ, ರದ್ದಾಗುವುದಿಲ್ಲ. ಇದನ್ನು ಮೊದಲೇ ಹೇಳಿದ್ದರೆ ಆ ರಾತ್ರಿ ಪಂಚಾಯ್ತಿ ನಡೆಯುವುದಿಲ್ಲ, ಮಗುವಿನ ಮೇಲೆ ಯಾರೂ ಸಿಡುಕುವುದಿಲ್ಲ.

ಇನ್ನು ಅಪಾಯ ಎಲ್ಲಿದೆ ಎಂಬುದು. ಜನ ಹೆದರುವುದು ಪಾರ್ಕಿಗೆ, ಹೆದರಬೇಕಾದದ್ದು ಗಾಡಿಗೆ. ಕ್ಲೋರಿನ್ ಸರಿಯಾಗಿ ಹಾಕಿದ ಈಜುಕೊಳದ ನೀರಿನಿಂದ ಕೋವಿಡ್ ಹರಡಿದ್ದಕ್ಕೆ ಪುರಾವೆ ಸಿಗಲಿಲ್ಲ. ಬಯಲಲ್ಲಿ ತಿರುಗುವ ತೊಟ್ಟಿಲಲ್ಲೂ ಭಯ ಕಡಿಮೆ. ಕಿಟಕಿ ಮುಚ್ಚಿ ಎಸಿ ಹಾಕಿದ ಟಿಟಿಯಲ್ಲಿ ಹನ್ನೆರಡು ಜನ ರಾತ್ರಿಯಿಡೀ ಕೂರುವುದು ಮಾತ್ರ ಬೇರೆ. ಎರಡು ಬದಿಯ ಕಿಟಕಿ ಒಂದೊಂದು ಬೆರಳು ತೆರೆದಿಟ್ಟರೂ ಗಾಳಿ ಬದಲಾಗುತ್ತದೆ. ಎಸಿಯಲ್ಲಿ ಹೊರಗಿನ ಗಾಳಿ ಎಳೆದುಕೊಳ್ಳುವ ಗುಂಡಿ ಇದ್ದರೆ ಅದನ್ನು ಒತ್ತಲು ಡ್ರೈವರಣ್ಣನಿಗೆ ಹೇಳಿ. ಪಾರ್ಕಿನಲ್ಲಿ ಜಾಗ್ರತೆ ಬೇಕಾದದ್ದು ನೆರಳಿನ ಶೆಡ್ಡಿನ ಉದ್ದ ಸಾಲಿನಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಊಟದ ಹಾಲಿನಲ್ಲಿ. ಒದ್ದೆ ಮಾಸ್ಕ್ ಕೆಲಸಕ್ಕೆ ಬಾರದು. ನೀರಿಗೆ ಇಳಿಯುವಾಗ ತೆಗೆದಿಟ್ಟು, ಸಾಲಿಗೆ ಬಂದಾಗ ಒಣಗಿದ್ದನ್ನೇ ಹಾಕಬೇಕು. ನೀರಿನಿಂದ ಹರಡುವ ರೋಗವೂ ಇಲ್ಲದಿಲ್ಲ. ಭೇದಿ ತರುವ ಕ್ರಿಪ್ಟೋಸ್ಪೋರಿಡಿಯಂ ಎಂಬ ಸೂಕ್ಷ್ಮಜೀವಿ ಕ್ಲೋರಿನ್‌ಗೆ ಬಗ್ಗುವುದಿಲ್ಲ. ಭೇದಿ ಇರುವ ಮಗುವನ್ನು ಕೊಳಕ್ಕೆ ಇಳಿಸಬಾರದು, ಮಕ್ಕಳಿಗೆ ನೀರು ನುಂಗಬಾರದೆಂದು ಹೇಳಿಕೊಡಬೇಕು.

ಭೇದಿಯ ಮಾತು ಬಂದಾಗ ಪ್ರವಾಸದ ಚೀಲದಲ್ಲಿ ಇರಬೇಕಾದ ಓಆರ್‌ಎಸ್ ಪೊಟ್ಟಣದ ಬಗ್ಗೆ ಹೇಳದೆ ಮುಂದೆ ಹೋಗಲಾಗದು, ಅದಕ್ಕೂ ಈ ಕ್ಯಾಂಪುಗಳ ಜನರ ಮೂಲನಾಡಿಗೂ ನಂಟಿದೆ. 1971ರಲ್ಲಿ ಬಾಂಗ್ಲಾ ಯುದ್ಧದಿಂದ ಓಡಿಬಂದವರು ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ತುಂಬಿಕೊಂಡಿದ್ದರು. ಕಾಲರಾ ಎದ್ದಿತು. ನರಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಸೋಡಾ. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2023ರಲ್ಲಿ, ತೀರಿಹೋದ ಮೇಲೆ, ಅವರಿಗೆ ಪದ್ಮವಿಭೂಷಣ ಬಂತು. ಡಾಕ್ಟರರ ಕೈಯಲ್ಲೇ ಇದ್ದ ಚಿಕಿತ್ಸೆಯನ್ನು ಅವರು ತಾಯಂದಿರ ಕೈಗೆ ಕೊಟ್ಟರು. ಪೊಟ್ಟಣದ ಮೇಲೆ ಒಂದು ಲೀಟರೋ 200 ಮಿಲಿಯೋ ಓದಿ ಅಷ್ಟೇ ನೀರು ಹಾಕಿ, ಕಲಸಿದ್ದನ್ನು ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಅಂಗಡಿಯಲ್ಲಿ ಓಆರ್‌ಎಸ್ ಎಂಬ ಹೆಸರು ಹೊತ್ತು ಬರುತ್ತಿದ್ದ ಹಣ್ಣಿನ ರುಚಿಯ ಸಿಹಿ ಪೇಯಗಳು ನಿಜವಾದ ಓಆರ್‌ಎಸ್ ಅಲ್ಲ. ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಚೀಲದಲ್ಲಿ ಇನ್ನೊಂದು ಎಡವಟ್ಟಿನ ವಸ್ತು ಮಕ್ಕಳ ಪ್ಯಾರಾಸಿಟಮಾಲ್ ಸಿರಪ್. ಇದು 5 ಮಿಲಿಗೆ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಬಾಟಲಿ, ಬಣ್ಣ ಹೆಚ್ಚುಕಡಿಮೆ ಒಂದೇ. ಲೆಕ್ಕ ಮಗುವಿನ ತೂಕದ ಮೇಲೆ: ಕಿಲೋಗೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 20 ಕಿಲೋ ಮಗುವಿಗೆ 250 ಮಿಲಿಗ್ರಾಂ ಎಂದರೆ ಒಂದು ಬಾಟಲಿಯಲ್ಲಿ 5 ಮಿಲಿ, ಇನ್ನೊಂದರಲ್ಲಿ 10 ಮಿಲಿ. ನಡುರಾತ್ರಿ ಲಾಡ್ಜಿನಲ್ಲಿ ಅತ್ತಿಗೆಯ ಬಾಟಲಿಯಿಂದ ‘ಒಂದು ಮುಚ್ಚಳ’ ಕುಡಿಸಿದರೆ ಅಳತೆ ದುಪ್ಪಟ್ಟಾಗಬಹುದು. ಊರು ಬಿಡುವ ಮುಂಚೆ ಪ್ರತಿ ಮಗುವಿನ ತೂಕ ನೋಡಿ, ಎಷ್ಟು ಮಿಲಿ ಎಂದು ಡಾಕ್ಟರರಿಂದ ಬರೆಸಿ ಬಾಟಲಿಗೆ ಅಂಟಿಸಿ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ.

ದೂರವನ್ನು ಸೋಂಕಿನ ಕಾಲದಲ್ಲಿ ಕಿಲೋಮೀಟರಿನಲ್ಲಿ ಅಳೆಯಬಾರದು. ಸಿಂಧನೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿ ರಾಮೋಜಿ ಫಿಲ್ಮ್ ಸಿಟಿಯಿದೆ, ವಂಡರ್‌ಲಾವೂ ಇದೆ. ಆದರೆ ನಡುವೆ ರಾಜ್ಯದ ಗಡಿಯಿದೆ. 2020ರ ಮಾರ್ಚ್ ಕೊನೆಗೆ ಕರ್ನಾಟಕವು ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನ ರೋಗಿಗಳಿಗೆ ಕಣ್ಣಳತೆಯ ಮಂಗಳೂರಿನ ಆಸ್ಪತ್ರೆಗಳು ಸಿಗದಾದವು. 2021ರ ಮೇನಲ್ಲಿ ತೆಲಂಗಾಣದ ಪೊಲೀಸರು ಆಂಧ್ರದಿಂದ ಬಂದ ಆಂಬುಲೆನ್ಸ್‌ಗಳನ್ನು ಗಡಿಯಲ್ಲಿ ತಡೆದರು, ಹೈಕೋರ್ಟ್ ಮಧ್ಯೆ ಬರಬೇಕಾಯಿತು. ದೇಶದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದ ಕಲಬುರಗಿಯ 76 ವರ್ಷದ ಹಿರಿಯರನ್ನು ನೆನೆಯಿರಿ. ಸೌದಿಯಿಂದ ಮರಳಿದ ಕೆಲವು ದಿನಕ್ಕೆ ಜ್ವರ ಬಂದು, ಕಲಬುರಗಿಯ ಆಸ್ಪತ್ರೆಯಿಂದ ಹೈದರಾಬಾದಿಗೆ ಒಯ್ದು, ಅಲ್ಲಿಂದ ಮರಳಿ ತರುವ ದಾರಿಯಲ್ಲಿ 2020ರ ಮಾರ್ಚ್ 10ರಂದು ತೀರಿಕೊಂಡರು. ಸೋಂಕಿನ ಕಾಲದಲ್ಲಿ ಪ್ರವಾಸ ರಾಜ್ಯದೊಳಗೇ ಇರಲಿ ಎನ್ನುವುದು ಅದಕ್ಕೇ. ಗಂಗಾವತಿ, ಹೊಸಪೇಟೆ, ಚಿತ್ರದುರ್ಗ, ತುಮಕೂರು, ಕೊನೆಗೆ ಬಿಡದಿಯ ಆಚೆ ರಾಮನಗರ: ದಾರಿಯುದ್ದಕ್ಕೂ ಸರ್ಕಾರಿ ಆಸ್ಪತ್ರೆ ಇರುವ ಊರುಗಳಿವೆ, 108ಕ್ಕೆ ಕರೆ ಮಾಡಿದರೆ ಮಾತು ಕನ್ನಡದಲ್ಲೇ ನಡೆಯುತ್ತದೆ.

ಕನ್ನಡದಲ್ಲಿ ಎಂದೆ. ಕ್ಯಾಂಪಿನ ಕೆಲವು ಮನೆಗಳ ಹಿರಿಯರಿಗೆ, ಮೊಮ್ಮಕ್ಕಳು ಠಾಕುಮಾ ಎಂದು ಕರೆಯುವ ಆ ಅಜ್ಜಿಯರಿಗೆ, ನೋವು ಎಲ್ಲಿದೆ ಎಂದು ಬಂಗಾಳಿಯಲ್ಲಿ ಹೇಳುವಷ್ಟು ಸಲೀಸಾಗಿ ಕನ್ನಡದಲ್ಲಿ ಹೇಳಲು ಬಾರದು. ಬೇರೆ ಊರಿನ ಆಸ್ಪತ್ರೆಯಲ್ಲಿ ಮಗ ಬಿಲ್ ಕಟ್ಟಲು ಹೋಗಿದ್ದರೆ ಆಕೆ ಮೂಕಿ. ಬಿಪಿ, ಸಕ್ಕರೆ ಕಾಯಿಲೆಗೆ ತಿನ್ನುವ ಗುಳಿಗೆಗಳ ಹೆಸರು, ಯಾವುದು ಮೈಗೆ ಆಗುವುದಿಲ್ಲ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ಹಾಳೆ ಆಕೆಯ ಬಳಿಯೇ ಇರಲಿ. ಗುಳಿಗೆಗಳು ಪ್ರವಾಸದ ದಿನಗಳಿಗಿಂತ ಒಂದು ವಾರ ಹೆಚ್ಚಿರಲಿ, ಯಾಕೆಂದರೆ ಸಿಕ್ಕಿಬಿದ್ದರೆ ಒಂದು ವಾರವೇ. ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್ ಜತೆಗಿರಲಿ. ಆಯುಷ್ಮಾನ್ ಕಾರ್ಡಿನಡಿ ತುರ್ತು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಿಲ್ಲ ಎನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸೋಂಕು ಜೋರಾಗಿರುವ ವಾರದಲ್ಲಿ ಅಜ್ಜಿಯನ್ನು ಕರೆದೊಯ್ಯಲೇಬೇಕೇ ಎಂದು ಆಕೆಯನ್ನೇ ಕೇಳಿ. ಬಹಳ ಸಲ ಆಕೆಗೆ ವಂಡರ್‌ಲಾದ ಆಸೆ ಇರುವುದೇ ಇಲ್ಲ, ಒಬ್ಬಳೇ ಬಿಟ್ಟು ಹೋಗುತ್ತಾರೆಂಬ ಬೇಸರ ಮಾತ್ರ ಇರುತ್ತದೆ. ಜತೆಗೆ ಒಬ್ಬ ಸೊಸೆಯೋ ಮಗನೋ ಉಳಿದರೆ ಆ ಬೇಸರಕ್ಕೂ ಮದ್ದಾಯಿತು.

ಇಷ್ಟಾಗಿಯೂ ಅಲ್ಲೇ ಜ್ವರ ಬಂದರೆ? ಮೊದಲು ಪಾರ್ಕಿನ ಪ್ರಥಮ ಚಿಕಿತ್ಸೆಯ ಕೋಣೆಗೆ ಹೋಗಿ. ಬಿಸಿಲಿನ ಬಳಲಿಕೆಯೋ ಸೋಂಕೋ ಎಂಬುದು ನೆರಳಲ್ಲಿ ಕೂರಿಸಿ ನೀರು ಕೊಟ್ಟ ಒಂದು ಗಂಟೆಯಲ್ಲಿ ಅರ್ಧ ತಿಳಿಯುತ್ತದೆ. ಮಗು ಸುಮ್ಮನಿರುವಾಗ ಎದೆಯ ಏರಿಳಿತ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು, ಅದಕ್ಕಿಂತ ದೊಡ್ಡ ಮಗುವಿಗೆ 30 ದಾಟಿದರೆ, ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ಕುಡಿದದ್ದೆಲ್ಲ ಕಾರುತ್ತಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ತಡಮಾಡದೆ ಆಸ್ಪತ್ರೆ. ದೊಡ್ಡವರಿಗೆ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೂ ಹಾಗೆಯೇ. ಇವೇನೂ ಇಲ್ಲದಿದ್ದರೆ ಜ್ವರ ಬಂದವರೂ ನೋಡಿಕೊಳ್ಳುವ ಒಬ್ಬರೂ ಲಾಡ್ಜಿನಲ್ಲಿ ಬೇರೆ ಕೋಣೆಗೆ ಹೋಗಲಿ. 2022ರ ಜನವರಿಯ ಕೇಂದ್ರದ ಕೋವಿಡ್ ಮಾರ್ಗಸೂಚಿಯಲ್ಲಿ ಪ್ರತ್ಯೇಕವಾಸ ಪಾಸಿಟಿವ್ ಬಂದ ದಿನದಿಂದ ಕನಿಷ್ಠ ಏಳು ದಿನ, ಕೊನೆಯ ಮೂರು ದಿನ ಜ್ವರ ಇರಬಾರದು ಎಂದಿತ್ತು. ಹೆಚ್ಚಿನ ಕೋಣೆಯ ಆ ಬಾಡಿಗೆಯನ್ನು ಹೊರಡುವ ಮುಂಚೆಯೇ ಖರ್ಚಿನ ಲೆಕ್ಕದಲ್ಲಿ ಬರೆದಿಡಿ. ಊರಿಗೆ ಮರಳಲೇಬೇಕಾದರೆ ಬಸ್ಸು, ರೈಲು ಬೇಡ, ಸ್ವಂತದ್ದೋ ಬಾಡಿಗೆಯದ್ದೋ ಗಾಡಿಯಲ್ಲಿ ಕಿಟಕಿ ತೆರೆದು, ಎಲ್ಲರೂ ಮಾಸ್ಕ್ ಹಾಕಿ, ಜ್ವರ ಬಂದವರನ್ನು ಹಿಂದಿನ ಸೀಟಿನ ಕಿಟಕಿ ಪಕ್ಕ ಕೂರಿಸಿ ಬನ್ನಿ. ಡ್ರೈವರಿಗೆ ವಿಷಯ ಮೊದಲೇ ತಿಳಿಸಿ, ಅವನ ಮನೆಯಲ್ಲೂ ಮಕ್ಕಳಿರುತ್ತಾರೆ.