‘ಫೈಬರ್’ ಅಂದಮಾತ್ರಕ್ಕೆ ಗಟ್ಟಿನಾ? ಪದರ ಹೇಗೆ ಹಾಕಿದ್ದಾರೆ ಅಂತಲೂ ಕೇಳಿ

“ಕಾರ್ಬನ್ ಫೈಬರ್ ಉಕ್ಕಿಗಿಂತ ಐದು ಪಟ್ಟು ಗಟ್ಟಿ.” ಈ ಫಾರ್ವರ್ಡ್ ನಿಮಗೂ ಬಂದಿರಬಹುದು. 2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಹೋದ ‘ಟೈಟನ್’ ನೌಕೆ ನೀರಿನಾಳದಲ್ಲಿ ನುಚ್ಚುನೂರಾಗಿ ಐದು ಜನ ಸತ್ತರು. ಆಮೇಲೆ ಇದಕ್ಕೆ ಉಲ್ಟಾ ಮಾತು ಶುರುವಾಯಿತು: “ಕಾರ್ಬನ್ ಫೈಬರ್ ನಂಬಬೇಡಿ.” ಎರಡೂ ಅರ್ಧ ಸತ್ಯ. ಆ ನೌಕೆಯ ಕಾರ್ಬನ್ ಫೈಬರ್ ಗೋಡೆಯಲ್ಲಿ ತಯಾರಿಸುವಾಗಲೇ ಸುಕ್ಕುಗಳೂ ಗಾಳಿಗುಳ್ಳೆಗಳೂ ಉಳಿದಿದ್ದವು ಎಂದು ಅಮೆರಿಕದ ತನಿಖಾ ಸಂಸ್ಥೆ ಹೇಳಿದೆ. ಎಳೆ ಎಷ್ಟೇ ಗಟ್ಟಿಯಿದ್ದರೂ ಪದರ ಸರಿಯಾಗಿ ಕೂರದಿದ್ದರೆ ವಸ್ತು ಗಟ್ಟಿಯಾಗುವುದಿಲ್ಲ.

ಮೊದಲು ಪದದ ಗೊಂದಲ ಬಗೆಹರಿಸೋಣ. ದಾವಣಗೆರೆ, ಹರಿಹರದ ಕಡೆ ‘ಫೈಬರ್’ ಅಂದರೆ ಒಬ್ಬೊಬ್ಬರಿಗೆ ಒಂದೊಂದು. ಹರಿಹರದಿಂದ ಹೊಳೆ ದಾಟಿದರೆ ಸಿಗುವ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯದು ಮರದ ತಿರುಳಿನಿಂದ ಬರುವ, ಬಟ್ಟೆಗೆ ಬಳಸುವ ನಾರು. ಮದುವೆಗೆ ಬಾಡಿಗೆಗೆ ತರುವ ‘ಫೈಬರ್ ಕುರ್ಚಿ’ ಸಾಮಾನ್ಯವಾಗಿ ಬರೀ ಪ್ಲಾಸ್ಟಿಕ್, ಅದರಲ್ಲಿ ಎಳೆಯೇ ಇರುವುದಿಲ್ಲ. ನಾವಿಲ್ಲಿ ಮಾತಾಡುತ್ತಿರುವುದು ಗಾಜಿನ ಅಥವಾ ಕಾರ್ಬನ್ ಎಳೆಯ ಬಟ್ಟೆಗೆ ರೆಸಿನ್ ಹಚ್ಚಿ, ಮೋಲ್ಡಿನ ಮೇಲೆ ಪದರ ಪದರವಾಗಿ ಕೂರಿಸಿ ಗಟ್ಟಿ ಮಾಡುವ ವಸ್ತುವಿನ ಬಗ್ಗೆ. ಬಸ್ಸಿನ ಮುಂಭಾಗ, ಕೆಲವು ಹೆಲ್ಮೆಟ್, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರದ ರೆಕ್ಕೆ, ಎಲ್ಲ ಇದೇ ಜಾತಿ.

ಚಪ್ಪಟೆ ಹಲಗೆ ಮಾಡುವುದು ಸುಲಭ. ಕಷ್ಟವೆಲ್ಲ ಮೂಲೆ, ಉಬ್ಬು, ತಗ್ಗು ಇರುವ ಆಕಾರದಲ್ಲಿ. ಕುಂಬಳಕಾಯಿಗೆ ಟವೆಲ್ ಸುತ್ತಿ ನೋಡಿ, ಎಲ್ಲೋ ಒಂದು ಕಡೆ ಸುಕ್ಕು ಬಂದೇ ಬರುತ್ತದೆ. ಹತ್ತಿ ಗಿರಣಿಗಳ ಊರಾದ ದಾವಣಗೆರೆಯವರಿಗೆ ಹಾಸು-ಹೊಕ್ಕು ಹೊಸದಲ್ಲ. ಒಂದು ಬಿಟ್ಟು ಒಂದರಂತೆ ಬಿಗಿಯಾಗಿ ನೇಯ್ದ ಸಾದಾ ಬಟ್ಟೆ ಉಬ್ಬಿನ ಮೇಲೆ ಹಟ ಮಾಡುತ್ತದೆ. ಟ್ವಿಲ್, ಸ್ಯಾಟಿನ್ ನೇಯ್ಗೆ ಸಡಿಲವಾದ್ದರಿಂದ ಚೆನ್ನಾಗಿ ಒರಗುತ್ತದೆ. ಗಾಜಿನ ಎಳೆಯನ್ನು ತುಂಡು ಮಾಡಿ ಅಂಟಿಸಿದ ‘ಮ್ಯಾಟ್’ ಇನ್ನೂ ಸುಲಭ. ರೆಸಿನ್ ತಾಗಿದ ಕೂಡಲೇ ಅದರ ಅಂಟು ಕರಗಿ ಬೇಕಾದ ಹಾಗೆ ಬಾಗುತ್ತದೆ. ಆದರೆ ಎಳೆಗಳು ದಿಕ್ಕಾಪಾಲು ಬಿದ್ದಿರುವುದರಿಂದ ಬಲ ಕಡಿಮೆ. ಅಲ್ಲದೆ ಫಾರ್ವರ್ಡ್‌ನ ‘ಐದು ಪಟ್ಟು’ ಲೆಕ್ಕ ಎಳೆಯನ್ನು ಅದರ ಉದ್ದಕ್ಕೆ ಎಳೆದಾಗಿನದು. ಅಡ್ಡಕ್ಕೆ ಎಳೆದರೆ ಭಾರ ಹೊರುವುದು ಹೆಚ್ಚಾಗಿ ರೆಸಿನ್ನೇ.

ಇನ್ನೊಂದು ಕಳ್ಳ ಜಾಗ ಒಳಮೂಲೆ. ಬಟ್ಟೆ ಮೂಲೆಗೆ ಇಳಿಯದೆ ಸೇತುವೆಯ ಹಾಗೆ ನಿಂತುಬಿಡುತ್ತದೆ. ಹಿಂದೆ ಗಾಳಿ ಇಲ್ಲವೇ ಬರೀ ರೆಸಿನ್ ತುಂಬುತ್ತದೆ. ಮೇಲೆ ಪೇಂಟ್ ಹೊಡೆದರೆ ಯಾರಿಗೂ ಕಾಣದು, ಬಿರುಕು ಮಾತ್ರ ಅಲ್ಲಿಂದಲೇ ಶುರು. ಇದಕ್ಕೆ ಮದ್ದು ದುಬಾರಿ ಬಟ್ಟೆಯಲ್ಲ. ಮೋಲ್ಡ್ ಮಾಡುವಾಗಲೇ ಮೂಲೆಯನ್ನು ದುಂಡಗೆ ಮಾಡಬೇಕು.

ಹಾಗಾದರೆ ಯಾವ ವಿಧಾನ? ಬ್ರಷ್, ರೋಲರ್ ಹಿಡಿದು ಕೈಯಲ್ಲೇ ಹಾಕುವುದು ಅಗ್ಗ. ನಾಲ್ಕೈದು ಪೀಸಿಗೆ, ಹೆಚ್ಚು ಭಾರ ಹೊರದ ಕವರ್‌ಗಳಿಗೆ ಅದೇ ಸಾಕು. ಮ್ಯಾಟ್ ಹಾಕಿ ಕೈಯಲ್ಲಿ ಮಾಡಿದ್ದರಲ್ಲಿ ತೂಕದ ಸುಮಾರು 30% ಮಾತ್ರ ಗಾಜು, ಉಳಿದದ್ದು ರೆಸಿನ್. ಮುಂದಿನ ಹೆಜ್ಜೆ ವ್ಯಾಕ್ಯೂಮ್. ಒಣ ಬಟ್ಟೆ ಜೋಡಿಸಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಗಾಳಿ ಹೊರತೆಗೆದು ರೆಸಿನ್ ಎಳೆಸುವುದು. ಆಗ ಹೊರಗಿನ ಗಾಳಿಯೇ ಪದರಗಳನ್ನು ಒತ್ತುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ ಪೂರ್ತಿ ವ್ಯಾಕ್ಯೂಮ್ ಸಿಕ್ಕರೆ ಆ ಒತ್ತಡ ಚದರ ಮೀಟರಿಗೆ ಹೆಚ್ಚುಕಮ್ಮಿ 9.5 ಟನ್! ಗಾಳಿಯಂತ್ರದ ರೆಕ್ಕೆಗಳನ್ನು ಸಾಮಾನ್ಯವಾಗಿ ಹೀಗೇ ಮಾಡುತ್ತಾರೆ. ಒಂದೇ ಪೀಸು ನೂರಾರು ಬೇಕೆಂದರೆ ಎರಡು ಕಡೆ ಮುಚ್ಚಿದ ಮೋಲ್ಡ್, ಉದ್ದನೆಯ ಪೈಪಿಗೆ ಎಳೆ ಸುತ್ತುವ ಯಂತ್ರ.

ಎಲ್ಲಕ್ಕಿಂತ ಮೇಲಿನದು ಆಟೋಕ್ಲೇವ್, ದೊಡ್ಡ ಪ್ರೆಶರ್ ಕುಕ್ಕರ್ ಅನ್ನಿ. ರಚನೆಯ ತೂಕದಲ್ಲಿ ಸುಮಾರು 45% ಇಂಥ ವಸ್ತುವೇ ಇರುವ ತೇಜಸ್ ವಿಮಾನದ ಭಾಗಗಳಿಗೆ ಬೆಂಗಳೂರಿನ ಎನ್‌ಎಎಲ್ ಇದನ್ನು ಬಳಸಿದೆ. ಹಾಗಂತ ವಿಮಾನ ಅಂದರೆ ಅದೊಂದೇ ದಾರಿ ಎಂದಲ್ಲ. ಸರಸ್ ವಿಮಾನದ ರೆಕ್ಕೆಗೆ ಅದೇ ಎನ್‌ಎಎಲ್ ವ್ಯಾಕ್ಯೂಮ್‌ನಲ್ಲಿ ರೆಸಿನ್ ಎಳೆಸುವ ತನ್ನದೇ ವಿಧಾನ ರೂಪಿಸಿತು. ಬಸ್ಸಿನ ಬಂಪರಿಗೆ ವಿಮಾನದ ವಿಧಾನ ಕೇಳುವುದು ದುಡ್ಡು ದಂಡ. ಜನರ ಜೀವ ಹೊರುವ ಭಾಗವನ್ನು ಬರೀ ಮ್ಯಾಟಿನಲ್ಲಿ ಮುಗಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಕೊಳ್ಳುವವರು ಏನು ನೋಡಬಹುದು? ಫೈಬರ್ ಪ್ಯಾನೆಲನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಟಣ್ ಎನ್ನುತ್ತಿದ್ದದ್ದು ಒಂದೆಡೆ ಬೊದ್ದು ಸದ್ದು ಕೊಟ್ಟರೆ ಒಳಗೆ ಪದರ ಬಿಟ್ಟಿರಬಹುದು. ಹೆಲ್ಮೆಟ್ಟಿಗೆ ಈ ಪರೀಕ್ಷೆ ನೆಚ್ಚಬೇಡಿ. ಜೋರು ಪೆಟ್ಟು ಬಿದ್ದದ್ದನ್ನು ಪುಟ್ಟಿ ಹಚ್ಚಿ ಮತ್ತೆ ಹಾಕಿಕೊಳ್ಳಲೂ ಬೇಡಿ.

ಕೆಲಸ ಮಾಡುವವರಿಗೆ ಇನ್ನೂ ಒಂದು ಮಾತು. ಏಪ್ರಿಲ್ ಬಿಸಿಲಲ್ಲಿ ರೆಸಿನ್ ಬೇಗ ಗಟ್ಟಿಯಾಗುತ್ತದೆ ಎಂದು ಅಂದಾಜಿನಲ್ಲಿ ಕೆಟಲಿಸ್ಟ್ ಸುರಿಯಬೇಡಿ, ತೂಕ ಮಾಡಿ ಹಾಕಿ. ಕೆಟಲಿಸ್ಟನ್ನೂ ಕೋಬಾಲ್ಟ್ ಆಕ್ಸಿಲರೇಟರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಒಂದನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಇನ್ನೊಂದು. ಕೆಟಲಿಸ್ಟ್ ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.