ಹಿಟ್ಟು ಉಬ್ಬುವ ಹೊತ್ತು

ಮಕ್ಕಳೇ, ಈ ವಾರ ಮೊದಲು ಒಂದು ಒಗಟು. ಕೈಯಿಲ್ಲ, ಕಾಲಿಲ್ಲ, ಬಾಯಿಗೆ ತುತ್ತು ಇಟ್ಟವರಿಲ್ಲ. ಆದರೂ ಮುಚ್ಚಿಟ್ಟ ಪಾತ್ರೆಯಲ್ಲಿ ಕೂತಲ್ಲೇ ದಪ್ಪಗಾಗುತ್ತದೆ. ಏನದು?

‘ಇಡ್ಲಿ ಹಿಟ್ಟು’ ಎಂದವರಿಗೆ ಅರ್ಧ ಅಂಕ. ‘ಬ್ರೆಡ್ಡಿನ ಹಿಟ್ಟು’ ಎಂದವರಿಗೂ ಅರ್ಧ ಅಂಕ. ಎರಡೂ ಹೇಳಿದವರಿಗೆ ಪೂರ್ತಿ ಅಂಕ. ಯಾಕೆಂದರೆ ಎರಡರೊಳಗೂ ಕೆಲಸ ಮಾಡುವುದು ಕಣ್ಣಿಗೆ ಕಾಣದ ಪುಟ್ಟ ಜೀವಿಗಳೇ. ಬ್ರೆಡ್ಡಿನಲ್ಲಿ ಇರುವ ಜೀವಿಯ ಹೆಸರು ಯೀಸ್ಟ್. ಅದು ಅಣಬೆಯ ಜಾತಿಗೆ ಸೇರಿದ್ದು. ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ತಿಂದು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುತ್ತದೆ. ಇದು ಬರೀ ಪುಡಿಯಲ್ಲ, ಜೀವವಿರುವ ವಸ್ತು, ಹುಳಿ ಬರಿಸುವ ಕೆಲಸ ಅದರದ್ದೇ ಎಂದು 1850ರ ದಶಕದಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ಲೂಯಿ ಪಾಶ್ಚರ್.

ಅನಿಲ ಬಿಟ್ಟರೆ ಸಾಲದು, ಅದನ್ನು ಹಿಡಿದಿಡುವ ಚೀಲವೂ ಬೇಕಲ್ಲ? ಗೋಧಿ ಹಿಟ್ಟನ್ನು ನೀರು ಹಾಕಿ ನಾದಿದಾಗ ಗ್ಲೂಟನ್ ಎಂಬುದು ರಬ್ಬರಿನ ಹಾಗೆ ಎಳೆಯೆಳೆಯಾಗಿ ಹೆಣೆದುಕೊಳ್ಳುತ್ತದೆ. ಅನಿಲ ಆ ಬಲೆಯಲ್ಲಿ ಸಿಕ್ಕಿಕೊಂಡು ಹಿಟ್ಟು ಬಲೂನಿನಂತೆ ಏಳುತ್ತದೆ. ನಮ್ಮ ರಾಗಿಯಲ್ಲಿ ಗ್ಲೂಟನ್ ಇಲ್ಲ. ಅದಕ್ಕೇ ರಾಗಿಯಲ್ಲಿ ಮುದ್ದೆ, ರೊಟ್ಟಿ ಚೆನ್ನ. ಬರೀ ರಾಗಿಯಿಂದ ಬ್ರೆಡ್ ಏಳುವುದಿಲ್ಲ.

ರಾಗಿ ತಿನ್ನುವ ಊರಿಗೆ ಬ್ರೆಡ್ ಬಂದದ್ದು ಹೇಗೆ? 1809ರಲ್ಲಿ ಬ್ರಿಟಿಷರು ನಮ್ಮ ಹಲಸೂರಿನ ಕಡೆ ದಂಡು ಕಟ್ಟಿದರು. ಸಿಪಾಯಿಗಳು, ಸಾಹೇಬರು ಬಂದರು; ಅವರ ಹಿಂದೆಯೇ ಬ್ರೆಡ್ಡೂ ಬಂತು. ಪೇಟೆ ಕಡೆ, ಚಿಕ್ಕಪೇಟೆಯಲ್ಲಿ 1898ರಲ್ಲಿ ಅಯ್ಯಂಗಾರರ ಬೇಕರಿ ಶುರುವಾಯಿತು. ದಂಡಿನ ಕಡೆ, ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿ 1902ರಲ್ಲಿ ಆಲ್ಬರ್ಟ್ ಬೇಕರಿ ಶುರುವಾಯಿತು.

ಆಗ ಮನೆಗಳಲ್ಲಿ ಓವನ್ ಎಲ್ಲಿತ್ತು? ನಾನು ಹುಡುಗನಾಗಿದ್ದಾಗ ಕ್ರಿಸ್ಮಸ್ ಹತ್ತಿರ ಬಂದರೆ ನಮ್ಮ ಬೀದಿಯ ಆಂಟಿಯರು ಮನೆಯಲ್ಲೇ ಕೇಕಿನ ಹಿಟ್ಟು ಕಲಸಿ, ತಟ್ಟೆಗೆ ಹೆಸರಿನ ಚೀಟಿ ಅಂಟಿಸಿ, ಬೇಕರಿಯ ಸೌದೆ ಒಲೆಗೆ ಕೊಟ್ಟು ಬೇಯಿಸಿಕೊಂಡು ಬರುತ್ತಿದ್ದರು. ಆ ತಟ್ಟೆ ಹೊತ್ತು ತರುವ ಹುಡುಗರಿಗೆ ಅಂಚಿನ ತುಂಡು ಕೂಲಿ.

ಈಗ ಸೌದೆ ಒಲೆ ಹುಡುಕಿಕೊಂಡು ಹೋಗಬೇಕಿಲ್ಲ. ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ, ಭದ್ರವಾದ ಮುಚ್ಚಳ, ಎರಡು ಲೋಟ ಪುಡಿ ಉಪ್ಪು, ಒಂದು ಸ್ಟ್ಯಾಂಡು ಇದ್ದರೆ ನಿಮ್ಮ ಮನೆಯಲ್ಲೇ ಓವನ್ ರೆಡಿ.

ಲೆಕ್ಕ ಹೀಗೆ. ಮೈದಾ 200 ಗ್ರಾಂ, ಗೋಧಿ ಹಿಟ್ಟು 50 ಗ್ರಾಂ. ಉಗುರುಬೆಚ್ಚಗಿನ ನೀರು ಸುಮಾರು 160 ಮಿಲಿ. ಆ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಒಣ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬಂದರೆ ಯೀಸ್ಟ್ ಎದ್ದಿದೆ. ಬಾರದಿದ್ದರೆ ಅದು ಹಳೆಯದು, ಹೊಸದು ತನ್ನಿ. ನೀರು ಕೈಗೆ ಸುಡುವಷ್ಟು ಬಿಸಿಯಾದರೆ ಯೀಸ್ಟ್ ಸಾಯುತ್ತದೆ. ಹಿಟ್ಟಿಗೆ ಮುಕ್ಕಾಲು ಚಮಚ ಉಪ್ಪು, ಒಂದು ದೊಡ್ಡ ಚಮಚ ಎಣ್ಣೆ ಸೇರಿಸಿ, ಯೀಸ್ಟಿನ ನೀರಿನಲ್ಲಿ ಕಲಸಿ, ಹತ್ತು ನಿಮಿಷ ನಾದಿ. ಒದ್ದೆ ಬಟ್ಟೆ ಮುಚ್ಚಿಡಿ. ಒಂದೂವರೆ ಗಂಟೆಯಲ್ಲಿ ಎರಡರಷ್ಟಾಗುತ್ತದೆ; ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಇನ್ನೂ ಹೊತ್ತು ಹಿಡಿಯುತ್ತದೆ. ಮೆಲ್ಲಗೆ ಗುದ್ದಿ ಗಾಳಿ ತೆಗೆದು, ಎಣ್ಣೆ ಸವರಿದ ಡಬ್ಬಿಗೆ ಹಾಕಿ, ಮತ್ತೆ ಅರ್ಧ ಗಂಟೆ ಬಿಡಿ.

ಪಾತ್ರೆಯ ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಡಬ್ಬಿ ಒಳಗಿಟ್ಟು, ಉರಿ ತಗ್ಗಿಸಿ, ಮುಕ್ಕಾಲು ಗಂಟೆಯವರೆಗೆ ಬೇಯಿಸಿ. ಬ್ರೆಡ್ಡಿನ ತಳವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಮೇಲ್ಭಾಗ ಬೇಕರಿಯದರಷ್ಟು ಕೆಂಪಗಾಗುವುದಿಲ್ಲ, ಚಿಂತೆ ಬೇಡ. ಪೂರ್ತಿ ಆರಿದ ಮೇಲೆ ಕುಯ್ಯಿರಿ.

ಕಾಯುವಷ್ಟು ತಾಳ್ಮೆ ಇಲ್ಲದವರಿಗೆ ಕರಿಯುವ ಬ್ರೆಡ್ ಇದೆಯೇ ಎಂದು ಕೇಳಬೇಡಿ. ನಮ್ಮ ಕರಾವಳಿಯ ಮಂಗಳೂರು ಬನ್ಸೂ ಕಾಯಿಸುತ್ತದೆ! ಚೆನ್ನಾಗಿ ಕಳಿತ ಒಂದು ದೊಡ್ಡ ಬಾಳೆಹಣ್ಣನ್ನು ಕಿವುಚಿ, ಎರಡು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಮೊಸರು, ಕಾಲು ಚಮಚ ಸೋಡಾ, ಅರ್ಧ ಚಮಚ ಜೀರಿಗೆ, ಚಿಟಿಕೆ ಉಪ್ಪು ಬೆರೆಸಿ. ಅದು ಹಿಡಿಸುವಷ್ಟು ಮೈದಾ ಹಾಕಿ ಮೆತ್ತಗೆ ಕಲಸಿ, ರಾತ್ರಿಯಿಡೀ ಬಿಡಿ. ಇಲ್ಲಿ ಯೀಸ್ಟ್ ಇಲ್ಲ. ಮೊಸರಿನ ಹುಳಿ ಸೋಡಾಕ್ಕೆ ತಗುಲಿದಾಗ ಅದೇ ಅನಿಲ ಹುಟ್ಟುತ್ತದೆ. ಬೆಳಿಗ್ಗೆ ಪೂರಿಗಿಂತ ದಪ್ಪಗೆ ಲಟ್ಟಿಸಿ, ಮಧ್ಯಮ ಉರಿಯಲ್ಲಿ ಕರಿಯಿರಿ. ಉರಿ ಜೋರಾದರೆ ಹೊರಗೆ ಕಪ್ಪು, ಒಳಗೆ ಹಸಿ. ಲಟ್ಟಿಸುವುದು ಮಕ್ಕಳ ಕೆಲಸ, ಬಾಣಲೆ ದೊಡ್ಡವರದ್ದು. ಇದರಲ್ಲಿ ರಿಯಾಯಿತಿ ಇಲ್ಲ. ಸಕ್ಕರೆ ಕಾಯಿಲೆಯ ತಾತ ಅಜ್ಜಿಯರು ಒಂದಕ್ಕೇ ಕೈ ತೊಳೆಯಬೇಕು. ನಾನೂ ಆ ಪಟ್ಟಿಯಲ್ಲಿದ್ದೇನೆ.

ಅಂಗಡಿಯಲ್ಲಿ ಸಿಗುವಾಗ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಬ್ರೆಡ್ ಎತ್ತರವಾಗಿ, ಮೆದುವಾಗಿ, ಬೆಳ್ಳಗೆ ಬರಲಿ ಎಂದು ಹಿಟ್ಟಿಗೆ ಪೊಟ್ಯಾಸಿಯಂ ಬ್ರೋಮೇಟ್ ಸೇರಿಸಲು ನಮ್ಮ ದೇಶದಲ್ಲಿ 2016ರವರೆಗೂ ಅನುಮತಿ ಇತ್ತು. ಅದು ಕ್ಯಾನ್ಸರ್ ತರಬಹುದೆಂಬ ಆತಂಕದಿಂದ ಆ ವರ್ಷ ಅನುಮತಿ ಹಿಂತೆಗೆದುಕೊಂಡರು. ಅಂಗಡಿಯ ಬ್ರೆಡ್ಡೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬೆಳಗಿನ ಅವಸರಕ್ಕೆ ನಾನೂ ತರುತ್ತೇನೆ. ಆದರೆ ಹಿಟ್ಟಿಗೆ ಹೊತ್ತು ಕೊಡಲು ಮನಸ್ಸಿಲ್ಲದಾಗ ಹೊತ್ತಿನ ಜಾಗದಲ್ಲಿ ಬೇರೇನೋ ಬಂದು ಕೂರುತ್ತದೆ. ಮನೆಯಲ್ಲಿ ಒಮ್ಮೆ ಮಾಡಿದ ಮಗುವಿಗೆ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದುವ ಅಭ್ಯಾಸ ತಾನಾಗಿ ಬರುತ್ತದೆ.

ಆ ಹೊತ್ತು ಇರುವುದು ಯಾರ ಹತ್ತಿರ? ಅಪ್ಪ ಅಮ್ಮ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಾರೆ. ಶಾಲೆ ಬಿಟ್ಟು ಬಂದ ಮಗು, ಪೆನ್ಷನ್ ಪಡೆಯುವ ತಾತ, ಇವರಿಬ್ಬರ ಹತ್ತಿರ ಮಾತ್ರ. ನನ್ನ ಬೆರಳ ಗೆಣ್ಣುಗಳು ಈಗ ಹಿಟ್ಟು ನಾದಲು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ನಾದುವವಳು ಮೊಮ್ಮಗಳು. ಹಿಟ್ಟು ಎಷ್ಟು ಮೆತ್ತಗಾದರೆ ಸಾಕು ಎಂದು ಮುಟ್ಟಿ ಹೇಳುವುದಷ್ಟೇ ನನ್ನ ಕೆಲಸ. ‘ತಾತ, ಇನ್ನೂ ಎಷ್ಟೊತ್ತು?’ ಎಂದು ಹತ್ತು ಸಲ ಕೇಳುತ್ತಾಳೆ. ಆ ಒಂದೂವರೆ ಗಂಟೆಯಲ್ಲಿ ಅವಳು ಹೇಳುವ ಶಾಲೆಯ ಸುದ್ದಿ ಬೇರೆ ಯಾವಾಗ ಕೇಳಿದರೂ ಬಾಯಿಂದ ಹೊರಡುವುದಿಲ್ಲ.

ತಾತಂದಿರೇ, ಅಜ್ಜಿಯರೇ, ಕೈಗೆ ತಿಳಿದದ್ದನ್ನು ಬರೆದಿಟ್ಟರೆ ಅರ್ಧವೇ ಉಳಿಯುತ್ತದೆ. ಇನ್ನರ್ಧ ಪಕ್ಕದಲ್ಲಿ ನಿಂತು ಮುಟ್ಟಿ ತೋರಿಸಿದರೆ ಮಾತ್ರ ದಾಟುತ್ತದೆ. ಮಕ್ಕಳೇ, ಈ ಭಾನುವಾರದ ಮನೆಗೆಲಸ: ಹಿಟ್ಟು ಕಲಸಿದ ಹೊತ್ತು, ಎರಡರಷ್ಟಾದ ಹೊತ್ತು, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೇಸಿಗೆಯಲ್ಲಿ ಮತ್ತೊಮ್ಮೆ ಮಾಡಿ ಹೋಲಿಸಿ. ಮೊದಲ ತುಂಡು ಮಾತ್ರ ತಾತ ಅಜ್ಜಿಯರಿಗೆ.