ರೈಟ್ ಕ್ಲಿಕ್ಕಿಗೆ ಬೀಗ ಹಾಕಿದವರಿಗೆ

ಕನ್ನಡದ ಹಸ್ತಪ್ರತಿ, ಶಾಸನ, ಹಳೆಯ ಫೋಟೊಗಳನ್ನು ಜಾಲತಾಣಕ್ಕೆ ಏರಿಸುವ ಕೆಲವರಿಗೆ ಒಂದು ವಿಚಿತ್ರ ಚಟ ಅಂಟಿಕೊಂಡಿದೆ. ಎಲ್ಲರೂ ನೋಡಲಿ ಎಂದೇ ಚಿತ್ರ ಹಾಕುತ್ತಾರೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿದಿರೋ, ‘ಇಲ್ಲಿ ನಕಲು ಮಾಡುವಂತಿಲ್ಲ’ ಎಂಬ ಪೆಟ್ಟಿಗೆಯೊಂದು ಧುತ್ತನೆ ಎದ್ದು ನಿಲ್ಲುತ್ತದೆ. ನೋಡಿ, ಆದರೆ ಮುಟ್ಟಬೇಡಿ! ಗುಡಿಯ ಹೊಸ್ತಿಲಲ್ಲಿ, ಬಾವಿಯ ಕಟ್ಟೆಯಲ್ಲಿ ಈ ಮಾತನ್ನು ನಮ್ಮ ನಾಡಿನ ಎಷ್ಟೋ ಜನ ಎಷ್ಟೋ ಕಾಲ ಕೇಳಿಸಿಕೊಂಡಿದ್ದಾರೆ. ಈಗ ಅದು ಪರದೆಯ ಮೇಲೂ ಬಂದು ಕೂತಿದೆ.

ನನ್ನ ವಾದ ಇಷ್ಟು. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದ, ನಾಡಿನ ಎಲ್ಲರಿಗೂ ಸೇರಿದ ವಸ್ತುಗಳ ಚಿತ್ರಕ್ಕೆ ಬೀಗ ಹಾಕುವ ಅಧಿಕಾರ ಯಾರಿಗೂ ಇಲ್ಲ. ಹಾಕಿದ ಬೀಗ ಕಳ್ಳನನ್ನು ತಡೆಯುವುದೂ ಇಲ್ಲ. ಅದು ತಡೆಯುವುದು ಓದುವ ಹುಡುಗ ಹುಡುಗಿಯರನ್ನು ಮಾತ್ರ.

ಮೊದಲು ಬೀಗದ ಯೋಗ್ಯತೆ ನೋಡೋಣ. ನಿಮ್ಮ ಪರದೆಯ ಮೇಲೆ ಒಂದು ಚಿತ್ರ ಕಾಣುತ್ತಿದೆ ಎಂದರೆ ಅದು ಆಗಲೇ ನಿಮ್ಮ ಕಂಪ್ಯೂಟರಿಗೋ ಮೊಬೈಲಿಗೋ ಬಂದು ಇಳಿದಿದೆ ಎಂದರ್ಥ. ಇಳಿಯದೆ ಕಾಣುವುದು ಸಾಧ್ಯವೇ ಇಲ್ಲ. ರೈಟ್ ಕ್ಲಿಕ್ ತಡೆಯುವುದು ಜಾವಾಸ್ಕ್ರಿಪ್ಟಿನ ಎರಡು ಮೂರು ಸಾಲು. ಅವು ಚಿತ್ರವನ್ನು ಕಾಯುವುದಿಲ್ಲ, ಒಂದು ಮೆನುವನ್ನು ಮುಚ್ಚಿಡುತ್ತವೆ, ಅಷ್ಟೆ. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ನಿಲ್ಲಿಸಿದರೆ ಬೀಗ ಉದುರುತ್ತದೆ. ಪುಟದ ಮೂಲ ತೆರೆದರೆ ಚಿತ್ರದ ವಿಳಾಸ ಅಲ್ಲೇ ಇರುತ್ತದೆ. ಏನೂ ತಿಳಿಯದಿದ್ದರೆ ಸ್ಕ್ರೀನ್‌ಶಾಟ್ ಇದ್ದೇ ಇದೆ. ಮುಖಪುಟ ವಿನ್ಯಾಸ ಮಾಡುವವರಿಗಾಗಲಿ, ಕ್ಯಾಲೆಂಡರ್ ಅಚ್ಚು ಹಾಕುವವರಿಗಾಗಲಿ ಇದು ಹತ್ತು ಸೆಕೆಂಡಿನ ಕೆಲಸ. ಬಾಗಿಲಿಗೆ ಬೀಗ ಜಡಿದು ಗೋಡೆಯನ್ನೇ ಕಟ್ಟದೆ ಬಿಟ್ಟ ಮನೆ ಇದು.

ಹಾಗಾದರೆ ಸಿಕ್ಕಿಬೀಳುವವರು ಯಾರು? ದೇವದುರ್ಗದಲ್ಲೋ ಮಾನ್ವಿಯಲ್ಲೋ ಪದವಿ ಓದುತ್ತಿರುವ, ಮನೆಯಲ್ಲಿ ಕಂಪ್ಯೂಟರ್ ಇಲ್ಲದ, ಮೊಬೈಲ್ ಒಂದನ್ನೇ ನಂಬಿಕೊಂಡ ವಿದ್ಯಾರ್ಥಿ. ಊರಲ್ಲಿ ನೆಟ್‌ವರ್ಕ್ ಬಂದಾಗ ಚಿತ್ರ ಇಳಿಸಿಕೊಂಡು, ಹೋದಾಗ ಓದಬೇಕಾದವರು ಇವರು. ಚಿತ್ರದ ಮೇಲೆ ಬೆರಳು ಒತ್ತಿ ಹಿಡಿದರೆ ಉಳಿಸಿಕೊಳ್ಳುವ ಆಯ್ಕೆಯೇ ಬರುವುದಿಲ್ಲ. ಸ್ಕ್ರೀನ್‌ಶಾಟ್ ಹೊಡೆದರೆ ಆರಂಗುಲದ ಪರದೆಗೆ ಕುಗ್ಗಿದ ಓಲೆಗರಿಯಲ್ಲಿ ಒತ್ತಕ್ಷರ ಯಾವುದು, ಹುಳು ತಿಂದ ತೂತು ಯಾವುದು ಎಂದು ಗೊತ್ತಾಗುವುದಿಲ್ಲ. ಚಿತ್ರದ ಜೊತೆ ಪಠ್ಯಕ್ಕೂ ಬೀಗ ಹಾಕಿದ್ದರಂತೂ ಒಂದು ಪದವನ್ನು ಆರಿಸಿ ನಿಘಂಟಿನಲ್ಲಿ ನೋಡುವ ದಾರಿಯೂ ಮುಚ್ಚುತ್ತದೆ.

ನಾನು ಸಂಶೋಧನೆಗೆಂದು ರಾಯಚೂರು, ಮಾನ್ವಿ, ದೇವದುರ್ಗಗಳ ನಡುವೆ ಓಡಾಡುವವನು. ನಮ್ಮ ಭಾಗದವರಿಗೆ ಈ ಬೀಗ ಏಕೆ ಹೆಚ್ಚು ಚುಚ್ಚುತ್ತದೆ ಎಂಬುದಕ್ಕೆ ಚರಿತ್ರೆಯಲ್ಲೇ ಕಾರಣವಿದೆ. ಬಿ. ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದಾಗ ಕೊಡಗು ಮತ್ತು ಮೈಸೂರು ಸೀಮೆಯ ಸುಮಾರು 9 ಸಾವಿರ ಶಾಸನಗಳು ಅಚ್ಚಾದವು. ರಾಯಚೂರು ಆಗ ನಿಜಾಮರ ಆಡಳಿತದಲ್ಲಿತ್ತು, ಆ ಸಂಪುಟಗಳ ಹೊರಗುಳಿಯಿತು. ನಮ್ಮ ಶಾಸನಗಳು ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸಿನಂಥ ಇಂಗ್ಲಿಷ್ ಪ್ರಕಟಣೆಗಳಲ್ಲಿ ಅಲ್ಲೊಂದು ಇಲ್ಲೊಂದು ಬಂದವು. 1956ರಲ್ಲಿ ನಾವು ಕರ್ನಾಟಕಕ್ಕೆ ಸೇರಿದೆವು, ನಮ್ಮ ಕಾಗದಪತ್ರಗಳು ಮಾತ್ರ ಬೇರೆ ಬೇರೆ ಊರುಗಳಲ್ಲೇ ಉಳಿದವು. ಹೈದರಾಬಾದಿನಲ್ಲಿ ಒಂದಿಷ್ಟು, ಮೈಸೂರಿನಲ್ಲಿ ಒಂದಿಷ್ಟು, ಬೆಂಗಳೂರಿನಲ್ಲಿ ಒಂದಿಷ್ಟು, ಲಂಡನ್ನಿನಲ್ಲೂ ಒಂದಿಷ್ಟು. ರಾಯಚೂರಿನ ವಿದ್ಯಾರ್ಥಿ ತನ್ನೂರಿನ ಕಲ್ಲಿನ ಓದನ್ನು ನೋಡಲು ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು. ಈ ದೂರವನ್ನು ಅಳಿಸಬಹುದಾಗಿದ್ದ ಒಂದೇ ಸಾಧನ ಇಂಟರ್ನೆಟ್. ಅದಕ್ಕೂ ಬೀಗ ಹಾಕಿದರೆ ನಾವು ಹೋಗುವುದು ಎಲ್ಲಿಗೆ?

ಶಾಸನಶಾಸ್ತ್ರ ನಿಂತಿರುವುದೇ ನಕಲಿನ ಮೇಲೆ ಎಂಬುದನ್ನು ಬೀಗದವರು ಮರೆತಿದ್ದಾರೆ. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ತೆಗೆಯುವ ಪಡಿಯಚ್ಚು ನಕಲಲ್ಲದೆ ಮತ್ತೇನು? ನಮ್ಮ ಜಿಲ್ಲೆಯ ಮಸ್ಕಿಯನ್ನೇ ತೆಗೆದುಕೊಳ್ಳಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೂ ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂಬುದಕ್ಕೆ ಸಿಂಹಳದ ವೃತ್ತಾಂತಗಳ ಆಸರೆ ಬೇಕಾಗಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಮಸ್ಕಿಯ ಬಂಡೆಯ ಬರಹ ಬಿತ್ತು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಆ ಪಾಠ ಅದೇ ವರ್ಷ ಹೈದರಾಬಾದ್ ಸೀರೀಸಿನ ಮೊದಲ ಸಂಪುಟವಾಗಿ ಹೊರಬಂತು. ಬಂಡೆ ಮಸ್ಕಿಯಲ್ಲೇ ಇತ್ತು, ಅದರ ನಕಲು ಲೋಕವನ್ನೆಲ್ಲ ಸುತ್ತಿತು. ನಕಲು ಸುತ್ತಿದ್ದರಿಂದಲೇ ಇವತ್ತು ಶಾಲೆಯ ಪಠ್ಯದಲ್ಲಿ ಮಸ್ಕಿಯ ಹೆಸರಿದೆ.

ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಸುಮಾರು 41 ಅಡಿ ಉದ್ದದ ಕಲ್ಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನೂ ಅಲ್ಲೇ ಗೀರಿಟ್ಟಿದ್ದಾರೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಗುಡಿಗಳಲ್ಲಿ ಶಾಸನಗಳಿವೆ. ಬಿಸಿಲು, ಮಳೆ, ಸುಣ್ಣ, ಬಣ್ಣಗಳಿಗೆ ಮೈಯೊಡ್ಡಿ ನಿಂತ ಕಲ್ಲಿನ ಅಕ್ಷರಗಳು ದಿನದಿನಕ್ಕೆ ಸವೆಯುತ್ತವೆ. ನೂರು ಮಂದಿಯ ಬಳಿ ಒಳ್ಳೆಯ ಚಿತ್ರವಿದ್ದರೆ ಕಲ್ಲು ಒಡೆದರೂ ಓದು ಉಳಿಯುತ್ತದೆ. ಒಂದೇ ಸರ್ವರಿನಲ್ಲಿ ಬೀಗದೊಳಗಿದ್ದರೆ ಆ ಸರ್ವರಿನ ಬಾಡಿಗೆ ಕಟ್ಟದ ದಿನ ಅದೂ ಹೋಗುತ್ತದೆ.

ಇದು ಬರೀ ಹೆದರಿಸುವ ಮಾತಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸಾವಿರಾರು ಕನ್ನಡ ಪುಸ್ತಕಗಳಿದ್ದವು. ಆ ತಾಣ ಮುಚ್ಚಿಕೊಂಡಿತು. ಇವತ್ತು ಅವುಗಳಲ್ಲಿ ಬಹುಪಾಲು ನಮಗೆ ಓದಲು ಸಿಗುತ್ತಿರುವುದು ಯಾರೋ ಅವನ್ನು ಇಳಿಸಿ ಇಂಟರ್ನೆಟ್ ಆರ್ಕೈವಿಗೆ ಏರಿಸಿದ್ದರಿಂದ. ಆ ರಾಶಿಯಲ್ಲಿ ಕನ್ನಡದ್ದು ಯಾವುದು ಎಂದು ಹುಡುಕಲು ಬರುವಂತೆ ಕನ್ನಡದಲ್ಲೇ ಸೂಚಿ ಮಾಡಿಕೊಟ್ಟದ್ದು ಸಂಚಯದಂಥ ಸ್ವಯಂಸೇವಕರ ಗುಂಪು. ನಕಲು ಮಾಡಿದವರೇ ಇಲ್ಲಿ ಗ್ರಂಥಪಾಲಕರಾದರು.

ಇನ್ನು ಕಾನೂನು. ‘ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದು ಪುಟದ ಅಡಿಯಲ್ಲಿ ಬರೆದುಕೊಂಡ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊ ಒಂದರ ಹಕ್ಕಿನ ಅವಧಿ ಅದನ್ನು ತೆಗೆದವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ, ಸರ್ಕಾರಿ ಪ್ರಕಟಣೆಗೆ 60 ವರ್ಷ. 1915ರ ಒಂದು ಫಲಕವನ್ನು ಇಂದು ಸ್ಕ್ಯಾನ್ ಮಾಡಿದವರು ಅದರ ಒಡೆಯರಾಗುವುದು ಯಾವ ನ್ಯಾಯ? ಬರೀ ಬೆವರು ಸುರಿಸಿದರೆ ಸಾಲದು, ಕಿಂಚಿತ್ತಾದರೂ ಸೃಜನಶೀಲತೆ ಇರಬೇಕು ಎಂಬುದು ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹಿಡಿದ ದಾರಿ. ಹಕ್ಕು ಜೀವಂತವಾಗಿರುವ ಕೃತಿಯನ್ನು ಕೂಡ ಖಾಸಗಿ ಬಳಕೆಗೆ, ಸಂಶೋಧನೆಗೆ, ವಿಮರ್ಶೆಗೆ ನ್ಯಾಯವಾಗಿ ಬಳಸಿಕೊಳ್ಳಲು ಕಲಂ 52 ಅವಕಾಶ ಕೊಡುತ್ತದೆ. ತಾಂತ್ರಿಕ ಬೀಗ ಮುರಿಯುವುದನ್ನು ಅಪರಾಧವೆನ್ನುವ ಕಲಂ 65ಎ 2012ರ ತಿದ್ದುಪಡಿಯಲ್ಲಿ ಬಂತು. ಅದು ಕೂಡ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದವರ ಬಗ್ಗೆ ಮಾತಾಡುತ್ತದೆ, ಓದಿಗಾಗಿ ಚಿತ್ರ ಉಳಿಸಿಕೊಂಡವರ ಬಗ್ಗೆ ಅಲ್ಲ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ವಿದ್ಯಾರ್ಥಿಗಳ ಪರ ನಿಂತದ್ದನ್ನೂ ನೆನಪಿಸಬೇಕು. ಜೆರಾಕ್ಸಿಗೆ ಸಿಕ್ಕ ನ್ಯಾಯ ರೈಟ್ ಕ್ಲಿಕ್ಕಿಗೆ ಏಕೆ ಸಿಗಬಾರದು?

ಎದುರು ವಾದಗಳಿವೆ. ಮೊದಲನೆಯದು ಫೋಟೊಗ್ರಾಫರನದು. ಬಿಸಿಲಲ್ಲಿ ಅಲೆದು, ಸ್ವಂತ ದುಡ್ಡಿನ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಪತ್ರಿಕೆಯೋ ಪ್ರವಾಸಿ ಕಂಪನಿಯೋ ಹೆಸರು ಹಾಕದೆ ಬಳಸಿದರೆ ಅವನ ಹೊಟ್ಟೆ ಉರಿಯುವುದು ಸಹಜ. ಅವನ ಸಂಕಟ ನಿಜ, ಆ ಚಿತ್ರದ ಮೇಲೆ ಅವನ ಹಕ್ಕೂ ನಿಜ. ಆದರೆ ಬೀಗ ಅವನನ್ನು ಕಾಯಲಿಲ್ಲವಲ್ಲ! ಕದ್ದವರು ಬೀಗವಿದ್ದಾಗಲೇ ಕದ್ದರು. ಅವನಿಗೆ ಬೇಕಾದದ್ದು ಹೆಸರು, ಬಳಸಿದ್ದಕ್ಕೆ ದುಡ್ಡು, ಕೊಡದಿದ್ದರೆ ಕೇಳುವ ದಾರಿ. ಇವುಗಳಲ್ಲಿ ಒಂದನ್ನೂ ಜಾವಾಸ್ಕ್ರಿಪ್ಟ್ ಕೊಡುವುದಿಲ್ಲ.

ಎರಡನೆಯದು ಮಠಗಳ, ಮನೆತನಗಳ ಮಾತು. ಅಜ್ಜನ ಕಾಲದಿಂದ ಕಟ್ಟಿಟ್ಟ ಓಲೆಗರಿಯ ಕಟ್ಟನ್ನು ನಂಬಿಕೆಯಿಂದ ಕೊಟ್ಟಿರುತ್ತಾರೆ, ಅದು ಎಲ್ಲೆಲ್ಲೋ ಹರಿದಾಡುವುದು ಅವರಿಗೆ ಬೇಡ. ಆ ಮಾತಿಗೆ ಮರ್ಯಾದೆ ಕೊಡೋಣ. ಹಾಗಿದ್ದರೆ ಆ ಚಿತ್ರ ಹಾಕಬೇಡಿ. ಇಂಥ ಹಸ್ತಪ್ರತಿ ಇಂಥಲ್ಲಿದೆ, ಹೀಗೆ ಅನುಮತಿ ಕೇಳಿ ಎಂದು ವಿವರ ಮಾತ್ರ ಹಾಕಿ. ಮನೆಯ ಹೆಣ್ಣುಮಕ್ಕಳ, ಬದುಕಿರುವವರ ಖಾಸಗಿ ಫೋಟೊಗಳ ಬಗ್ಗೆಯೂ ಇದೇ ಮಾತು. ಹರಡಬಾರದ್ದನ್ನು ಜಾಲತಾಣಕ್ಕೆ ಏರಿಸಿ ರೈಟ್ ಕ್ಲಿಕ್ ತಡೆದಿದ್ದೇವೆ ಎನ್ನುವುದು ನಂಬಿ ಕೊಟ್ಟವರಿಗೆ ಮಾಡುವ ಮೋಸ. ಅವರಿಗೆ ಇಲ್ಲದ ಭದ್ರತೆಯನ್ನು ಇದೆ ಎಂದು ಹೇಳಿದಂತಾಯಿತು.

ಮೂರನೆಯದು ಖರ್ಚು. ಸ್ಕ್ಯಾನ್ ಮಾಡಿಸಲು ನಾವು ದುಡ್ಡು ಹಾಕಿದ್ದೇವೆ ಎನ್ನುತ್ತಾರೆ. ಸಾರ್ವಜನಿಕರ ದುಡ್ಡಾಗಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು, ಚಿತ್ರವೂ ಸಾರ್ವಜನಿಕರದೇ. ಸ್ವಂತ ದುಡ್ಡಾಗಿದ್ದರೆ ಅದು ದೊಡ್ಡ ಕೆಲಸ, ಕೈಮುಗಿಯೋಣ. ಆದರೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನಲ್ಲಿದ್ದ 3,75,000 ಚಿತ್ರಗಳನ್ನು ಯಾರು ಏನು ಬೇಕಾದರೂ ಮಾಡಿಕೊಳ್ಳಿ ಎಂದು ಬಿಟ್ಟುಕೊಟ್ಟಿತು. ಅದರಿಂದ ಆ ಮ್ಯೂಸಿಯಂ ಬಾಗಿಲು ಹಾಕಿಕೊಳ್ಳಲಿಲ್ಲ.

ಮಾದರಿಗಾಗಿ ನ್ಯೂಯಾರ್ಕಿನವರೆಗೆ ಹೋಗಬೇಕಾಗಿಯೂ ಇಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಪ್ರತಿ ಮಾಡಿಸುವುದನ್ನು ಆ ಕಾಲ ದಾನವೆಂದಿತು, ನಾವು ಕಳವು ಎನ್ನುತ್ತಿದ್ದೇವೆ. ಅವಳು ಹಂಚದೆ ಪೆಟ್ಟಿಗೆಯಲ್ಲಿಟ್ಟು ಮುದ್ರೆ ಒತ್ತಿದ್ದರೆ ದಾನಚಿಂತಾಮಣಿ ಎಂಬ ಬಿರುದು ಯಾರಿಗಿರುತ್ತಿತ್ತು?

ಇನ್ನೂ ಹತ್ತಿರಕ್ಕೆ ಬನ್ನಿ. ಮಾನ್ವಿ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯಲ್ಲಿ ನೆಲೆ ನಿಂತ ಜಗನ್ನಾಥದಾಸರು: ಇವರ ಹಾಡುಗಳು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ನಕಲಾಗಿಯೇ ಉಳಿದವು. ಯಾರೂ ಯಾರ ಅನುಮತಿಯನ್ನೂ ಕೇಳಲಿಲ್ಲ. ಆದರೂ ಯಾವ ಹಾಡು ಯಾರದು ಎಂದು ಇವತ್ತಿಗೂ ಭಜನೆಯಲ್ಲಿ ಕೂತ ಅಜ್ಜಿಗೆ ಗೊತ್ತು. ಏಕೆಂದರೆ ಕೊನೆಯ ಸಾಲುಗಳಲ್ಲಿ ಅಂಕಿತವಿದೆ. ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ. ಎಷ್ಟು ಬೇಕಾದರೂ ಹಾಡಿ, ಎಲ್ಲಿ ಬೇಕಾದರೂ ಹಾಡಿ, ಅಂಕಿತ ಮಾತ್ರ ಬಿಡಬೇಡಿ. ಇದು ದಾಸರು ನಮ್ಮ ನೆಲದಲ್ಲೇ ನಡೆಸಿ ತೋರಿಸಿದ ಹಕ್ಕಿನ ಪದ್ಧತಿ. ಹಾಡಿಗೆ ಬೀಗವಿಲ್ಲ, ಹಾಡಿದವರ ಹೆಸರು ಅಳಿಯುವುದೂ ಇಲ್ಲ.

ಜಾಲತಾಣ ನಡೆಸುವವರನ್ನು ನಾನು ಕೇಳುವುದು ಈ ಪದ್ಧತಿಯನ್ನೇ. ಅವಧಿ ಮುಗಿದ ಚಿತ್ರಗಳ ಬೀಗ ತೆಗೆಯಿರಿ. ಓದಲು ಬರುವಷ್ಟು ದೊಡ್ಡ ಚಿತ್ರ ಕೊಡಿ. ಅದರ ಕೆಳಗೆ ಅಂಕಿತ ಹಾಕಿ: ತೆಗೆದವರು ಯಾರು, ಮೂಲ ಎಲ್ಲಿದೆ, ಯಾವ ಗರಿ, ಯಾವ ವರ್ಷ. ಹಕ್ಕಿನ್ನೂ ಇರುವ ಚಿತ್ರಕ್ಕೆ ಏನು ಮಾಡಬಹುದು, ಏನು ಮಾಡಬಾರದು ಎಂದು ತಿಳಿಯಾದ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಹೆದರಿಸುವ ಪೆಟ್ಟಿಗೆಗಿಂತ ಆ ಎರಡು ಸಾಲಿಗೆ ಜನ ಹೆಚ್ಚು ಬೆಲೆ ಕೊಡುತ್ತಾರೆ.

ವಿದ್ಯಾರ್ಥಿ ಗೆಳೆಯರಿಗೂ ಒಂದು ಮಾತು. ಚಿತ್ರ ಉಳಿಸಿಕೊಳ್ಳಿ, ಹೆದರಬೇಡಿ. ಉಳಿಸಿಕೊಂಡ ಕೂಡಲೇ ಕಡತಕ್ಕೆ ಊರು, ಮೂಲ, ತಾಣ, ದಿನಾಂಕ ಸೇರಿಸಿ ಹೆಸರಿಡಿ. ಫೋಟೊಗ್ರಾಫರನ ಹೆಸರಿರುವ ಅಂಚನ್ನು ಕತ್ತರಿಸಿ ವಾಟ್ಸಾಪಿಗೆ ಹಾಕುವವರು, ಪ್ರಬಂಧದಲ್ಲಿ ‘ಕೃಪೆ: ಗೂಗಲ್’ ಎಂದು ಬರೆಯುವವರು ಬೀಗ ಹಾಕುವವರ ಕೈಯನ್ನೇ ಬಲಪಡಿಸುತ್ತಾರೆ. ಗೂಗಲ್ ಯಾವ ಕಲ್ಲನ್ನೂ ಕೆತ್ತಿಲ್ಲ, ಯಾವ ಗರಿಯನ್ನೂ ಬರೆದಿಲ್ಲ. ಬೀಗ ತೆಗೆಯಿರಿ ಎಂದು ಕೇಳುವ ಬಾಯಿ ಅಂಕಿತವನ್ನು ನುಂಗಬಾರದು.